ಹುಡುಗರ ಚಟ, ಹುಡುಗರ ಕಳವು: ಯಾವುದು ಮೊದಲು? ಶಾಲೆಯವರು ಎಲ್ಲಿಂದ ಹಿಡಿಯಬೇಕು?

ಹೈಸ್ಕೂಲ್_ಮೇಷ್ಟ್ರು:

ಮುಂದಿನ ತಿಂಗಳ ಪೋಷಕರ ಸಭೆಗೆ ಈ ವಿಷಯ ಇಟ್ಟಿದ್ದೇವೆ. ಹೈಸ್ಕೂಲು, ಪಿಯು ಎರಡೂ ಒಂದೇ ಆವರಣದಲ್ಲಿವೆ, ತಾಲ್ಲೂಕು ಕೇಂದ್ರ. ಇಂಥ ಸಭೆಗೆ ಬರುವ ಭಾಷಣಕಾರರು "ದುಶ್ಚಟ ಬಂತು, ಹಿಂದೆಯೇ ಅಪರಾಧ ಬಂತು" ಎಂದು ಒಂದೇ ಗೆರೆ ಎಳೆದು, ಎಲ್ಲರ ಕೈ ಮುಂದೆ ಚಾಚಿಸಿ ಪ್ರತಿಜ್ಞೆ ಮಾಡಿಸಿ ಹೋಗುತ್ತಾರೆ. ಅಪ್ಪ ಅಮ್ಮಂದಿರಿಗೆ ಮರುದಿನ ಬೆಳಿಗ್ಗೆ ಮಾಡುವುದಕ್ಕೆ ಏನೂ ಸಿಕ್ಕಿರುವುದಿಲ್ಲ.

ಕೇಳಬೇಕಾದ್ದು ಇವು. ಗಾಂಜಾ, ಪಂಕ್ಚರ್ ಸಲ್ಯೂಷನ್, ನೋವಿನ ಮಾತ್ರೆ, ಬೆಟ್ಟಿಂಗ್, ಇವುಗಳಲ್ಲಿ ಯಾವುದು ಹುಡುಗರನ್ನು ಯಾವ ಬಗೆಯ ತಪ್ಪಿಗೆ ಎಳೆಯುತ್ತದೆ? ಮೊದಲು ಏನು ಗಮನಿಸಬೇಕು? ಪೊಲೀಸರು ಕರೆದೊಯ್ದರೆ ಮೊದಲ ದಿನ ಮನೆಯವರು ಯಾವ ಕಾಗದ ಹಿಡಿದು ಓಡಬೇಕು? ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವುದು ಸರಿಯೇ? ಇನ್ನೊಂದು, ಟಿಸಿ ಕೊಟ್ಟು ಕಳಿಸಿಬಿಡಿ ಅನ್ನುವ ಒತ್ತಡ ಆಡಳಿತ ಮಂಡಳಿಯಿಂದ ಇದೆ. ಅದರ ಬಗ್ಗೆಯೂ ತಿಳಿದವರು ಹೇಳಿ.

ಸಮಾಜಕಾರ್ಯ_ಧಾರವಾಡ:

ಮೇಷ್ಟ್ರೇ, ಯಾವುದು ಮೊದಲು ಎಂಬುದಕ್ಕೆ ನೇರ ಉತ್ತರ: ಬಹಳಷ್ಟು ಹುಡುಗರಲ್ಲಿ ಚಟಕ್ಕಿಂತ ಮುಂಚೆಯೇ ನಡವಳಿಕೆ ಕೆಟ್ಟಿರುತ್ತದೆ. ಆರನೇ ಏಳನೇ ಕ್ಲಾಸಿನಲ್ಲೇ ಶಾಲೆ ತಪ್ಪಿಸುವುದು, ಹೊಡೆದಾಟ, ಮನೆಯ ಡಬ್ಬಿಯಿಂದ ದುಡ್ಡೆತ್ತುವುದು ಶುರುವಾಗಿರುತ್ತದೆ. ಇವರಲ್ಲಿ ಕೆಲವರಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಥವಾ ಓದಿನ ತೊಂದರೆ ಇದ್ದು, ಯಾರೂ ಪತ್ತೆ ಮಾಡಿರುವುದಿಲ್ಲ, "ಉಡಾಳ" ಎಂಬ ಹೆಸರು ಮಾತ್ರ ಬಿದ್ದಿರುತ್ತದೆ. ನಶೆ ಬರುವುದು ಆಮೇಲೆ, ಅದೇ ಗುಂಪಿನ ಮೂಲಕ. ಒಮ್ಮೆ ಬಂದ ಮೇಲೆ ಎರಡೂ ಒಂದನ್ನೊಂದು ಹೊತ್ತಿಸುತ್ತವೆ.

1993ರಲ್ಲಿ ಮನಶ್ಶಾಸ್ತ್ರಜ್ಞೆ ಟೆರಿ ಮಾಫಿಟ್ ಮಾಡಿದ ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹರೆಯದಲ್ಲಿ ಕಾನೂನು ಮೀರುವವರಲ್ಲಿ ಹೆಚ್ಚಿನವರು ಇಪ್ಪತ್ತು ದಾಟಿದ ಮೇಲೆ ತಾವಾಗಿಯೇ ಬಿಡುತ್ತಾರೆ. ಚಿಕ್ಕಂದಿನಿಂದಲೇ ಶುರುವಾಗಿ ಕೊನೆವರೆಗೂ ಮುಂದುವರಿಯುವವರು ಸಣ್ಣ ಗುಂಪು. ಮೊದಲ ಗುಂಪಿನ ಹುಡುಗ ಹೊರಗೆ ಬರಲಾಗದಂತೆ ಕೊಕ್ಕೆ ಹಾಕುವುದು ಚಟ, ಪೊಲೀಸ್ ಕೇಸು, ಅರ್ಧಕ್ಕೆ ನಿಂತ ಓದು. ನಿಮ್ಮ ಕೈಗೆ ಸಿಗುವುದು ಈ ಮೂರು ಕೊಕ್ಕೆಗಳೇ.

ಇನ್ನು ಯಾವುದರಿಂದ ಯಾವ ತಪ್ಪು ಎಂಬುದು. 1985ರಲ್ಲಿ ಪಾಲ್ ಗೋಲ್ಡ್‌ಸ್ಟೈನ್ ಅಮೆರಿಕದಲ್ಲಿ ಹಾಕಿಕೊಟ್ಟ ಮೂರು ದಾರಿಗಳ ಲೆಕ್ಕ ಇಂದಿಗೂ ಕೆಲಸಕ್ಕೆ ಬರುತ್ತದೆ. ಮೊದಲನೆಯದು ನಶೆಯೇ ಮಾಡಿಸುವ ತಪ್ಪು: ಕುಡಿದು ಜಗಳ, ಕುಡಿದು ಬೈಕು. ಇಲ್ಲಿ ಮುಖ್ಯ ಆರೋಪಿ ಮದ್ಯ. ಗಾಂಜಾ ಏರಿದ ಹೊತ್ತಿನಲ್ಲಿ ಹೊಡೆದಾಟ ಕಡಿಮೆ, ಅದು ಸಿಗದ ವಾರದಲ್ಲಿ ರೇಗಾಟ ಜಾಸ್ತಿ. ಎರಡನೆಯದು ದುಡ್ಡಿಗಾಗಿ ಮಾಡುವ ತಪ್ಪು: ಮನೆಯ ಒಡವೆ, ಹಾಸ್ಟೆಲಿನ ಮೊಬೈಲು, ಬೈಕಿನ ಬ್ಯಾಟರಿ, ಪಂಪ್‌ಸೆಟ್ಟಿನ ಕೇಬಲ್ಲು. ಮೂರನೆಯದು ವ್ಯಾಪಾರದ ಜಾಲದೊಳಗಿನ ತಪ್ಪು: ಪೊಟ್ಟಣ ಸಾಗಿಸುವುದು, ಬಾಕಿ ವಸೂಲಿಗೆ ಹೋಗುವುದು, ಎದುರು ಗುಂಪಿನೊಂದಿಗೆ ಹೊಡೆದಾಟ.

ಎರಡನೆಯದರಿಂದ ಮೂರನೆಯದಕ್ಕೆ ಹುಡುಗ ದಾಟುವ ಸೇತುವೆಯ ಹೆಸರು ಸಾಲ. ಸೊಪ್ಪು (ಗಾಂಜಾ) ಕೊಡುವವನು ಮೊದಮೊದಲು "ಆಮೇಲೆ ಕೊಡೋ" ಅನ್ನುತ್ತಾನೆ. ಬಾಕಿ ಬೆಳೆದ ಮೇಲೆ "ದುಡ್ಡು ಬೇಡ, ಇದನ್ನು ಬಸ್‌ಸ್ಟ್ಯಾಂಡಿಗೆ ಮುಟ್ಟಿಸು" ಅನ್ನುತ್ತಾನೆ. ಸೇದುವವನು ಸಾಗಿಸುವವನಾಗುವುದು ಹೀಗೆ. ಅದಕ್ಕೇ ಪೋಷಕರಿಗೆ ಹೇಳಿಕೊಡಬೇಕಾದ ಮೊದಲ ಪ್ರಶ್ನೆ "ಎಷ್ಟು ಸೇದ್ತೀಯ?" ಅಲ್ಲ, "ಯಾರಿಗೆ ಎಷ್ಟು ಕೊಡಬೇಕು?" ಮೊದಲನೆಯದಕ್ಕೆ ಸುಳ್ಳು ಗ್ಯಾರಂಟಿ. ಎರಡನೆಯದಕ್ಕೆ ಕೂಗಾಡದೆ ಕಾದರೆ ಒಂದೆರಡು ದಿನದಲ್ಲಿ ನಿಜ ಹೊರಬರುವ ಸಾಧ್ಯತೆ ಹೆಚ್ಚು, ಯಾಕೆಂದರೆ ಆ ಭಾರ ಅವನಿಗೂ ಇಳಿಸಬೇಕಾಗಿರುತ್ತದೆ.

ಸಾಲ ಗೊತ್ತಾದ ಮೇಲೆ ಮನೆಯವರು ಎಡವುವುದು ಎರಡು ಕಡೆ. ಒಂದು, ಮರ್ಯಾದೆಗೆ ಹೆದರಿ ಅಷ್ಟೂ ದುಡ್ಡನ್ನು ಹುಡುಗನ ಕೈಗೇ ಕೊಡುವುದು. ಇನ್ನೊಂದು, ಮಾಲು ಕೊಡುವವನನ್ನೇ ಕರೆದು ತೀರಿಸುವುದು. ಅಪ್ಪ ತೀರಿಸುತ್ತಾನೆ ಎಂದು ಗೊತ್ತಾದ ದಿನವೇ ಆ ಹುಡುಗನ ಸಾಲದ ಮಿತಿ ಏರುತ್ತದೆ! ಮಾಡಬೇಕಾದ್ದು: ಹೆಸರು, ಮೊತ್ತ, ಯಾವುದಕ್ಕೆ ಎಂದು ಒಂದು ಹಾಳೆಯಲ್ಲಿ ಅವನ ಕೈಯಲ್ಲೇ ಬರೆಸಿ. ಸಹಪಾಠಿಗಳ ಕೈಸಾಲವನ್ನು ಆ ಮಕ್ಕಳ ಪೋಷಕರಿಗೆ ನೇರವಾಗಿ ಕೊಡಿ. ಗಿರವಿ ಇಟ್ಟ ವಸ್ತುವನ್ನು ಚೀಟಿ ಸಮೇತ ಬಿಡಿಸಿ. ಮಾಲಿನ ಬಾಕಿ, ಬೆಟ್ಟಿಂಗ್ ಬಾಕಿ ಕಾನೂನಿನ ಕಣ್ಣಲ್ಲಿ ಸಾಲವೇ ಅಲ್ಲ, ಅದನ್ನು ವಕೀಲರು ಬಿಡಿಸಿ ಹೇಳಲಿ.

ಶಾಲೆಯಲ್ಲಿ ಬಳಸಲು ಕ್ರಾಫ್ಟ್ ಎಂಬ ಆರು ಪ್ರಶ್ನೆಗಳ ಪಟ್ಟಿ ಇದೆ, 12ರಿಂದ 21 ವಯಸ್ಸಿನವರಿಗೆ. ನಶೆಯಲ್ಲಿದ್ದವರು (ನೀನೇ ಆದರೂ ಸರಿ) ಓಡಿಸಿದ ಗಾಡಿಯಲ್ಲಿ ಹೋಗಿದ್ದೀಯಾ? ಮನಸ್ಸು ಹಗುರಾಗಲು ಅಥವಾ ಗುಂಪಿನಲ್ಲಿ ಒಬ್ಬನಾಗಲು ತೆಗೆದುಕೊಳ್ಳುತ್ತೀಯಾ? ಒಬ್ಬನೇ ಇದ್ದಾಗ? ಆ ಹೊತ್ತಿನಲ್ಲಿ ಮಾಡಿದ್ದು ಮರೆತುಹೋಗಿದೆಯಾ? ಕಡಿಮೆ ಮಾಡು ಎಂದು ಮನೆಯವರೋ ಗೆಳೆಯರೋ ಹೇಳಿದ್ದಾರಾ? ನಶೆಯಲ್ಲಿದ್ದಾಗ ತೊಂದರೆಗೆ ಸಿಕ್ಕಿದ್ದೀಯಾ? ಎರಡಕ್ಕೆ ಹೌದು ಎಂದರೆ ಆಸ್ಪತ್ರೆಗೆ ಕಳಿಸಿ. ಆದರೆ ಇದನ್ನು ತರಗತಿಯಲ್ಲಿ ಎಲ್ಲರ ಮುಂದೆ ಕೇಳಿದರೆ, ಅಥವಾ ಉತ್ತರ ಪ್ರಿನ್ಸಿಪಾಲರ ಟೇಬಲ್ಲಿಗೆ ಹೋಗುತ್ತದೆ ಎಂಬ ಗುಮಾನಿ ಬಂದರೆ ಆರಕ್ಕೂ ಇಲ್ಲ ಎಂದೇ ಬರುತ್ತದೆ. ಒಬ್ಬೊಬ್ಬರಾಗಿ, ಬಾಗಿಲು ಅರ್ಧ ತೆರೆದ ಕೋಣೆಯಲ್ಲಿ, ಏನನ್ನು ಗುಟ್ಟಾಗಿಡುತ್ತೀರಿ ಏನನ್ನು ಇಡುವುದಿಲ್ಲ (ಜೀವಕ್ಕೆ ಅಪಾಯವಿದ್ದರೆ) ಎಂದು ಮೊದಲೇ ಹೇಳಿ ಕೇಳಿ.

ರಾಮನಗರದ_ರಾಜು:

ಇಷ್ಟೆಲ್ಲ ಯಾಕೆ ಸ್ವಾಮಿ. ಒಂದು ದಿನ ಸ್ಟೇಷನ್ನಲ್ಲಿ ಕೂರಿಸಿ, ಇಲ್ಲ ಜೈಲು ತೋರಿಸಿಕೊಂಡು ಬನ್ನಿ. ತಾನಾಗೇ ದಾರಿಗೆ ಬರ್ತಾರೆ.

ಸಮಾಜಕಾರ್ಯ_ಧಾರವಾಡ:

ರಾಜು ಅವರೇ, ಇದನ್ನು ಅಮೆರಿಕದಲ್ಲಿ ದಶಕಗಳ ಕಾಲ ಮಾಡಿ ನೋಡಿದ್ದಾರೆ. ಹುಡುಗರನ್ನು ಜೈಲಿಗೆ ಕರೆದೊಯ್ದು, ಕೈದಿಗಳಿಂದ ಹೆದರಿಸಿ ಕಳಿಸುವ ಕಾರ್ಯಕ್ರಮಗಳು. ಚೀಟಿ ಎತ್ತಿ ಅರ್ಧ ಹುಡುಗರನ್ನು ಕಳಿಸಿ, ಅರ್ಧದಷ್ಟನ್ನು ಬಿಟ್ಟು ಹೋಲಿಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೋಗಿ ಬಂದ ಹುಡುಗರೇ ಮುಂದೆ ಹೆಚ್ಚು ತಪ್ಪು ಮಾಡಿದ್ದರು. ಉಪಯೋಗ ಇಲ್ಲ ಅಂತಲ್ಲ, ಹಾನಿಯೇ ಇದೆ. ಗುಂಪಿನಲ್ಲಿ ಅದೊಂದು ಬಿರುದಾಗುತ್ತದೆ.

ಇದರ ಜೊತೆಗೇ ಇನ್ನೊಂದು. ತೊಂದರೆಯ ಹುಡುಗರನ್ನಷ್ಟೇ ಆರಿಸಿ ಒಂದು ಕೋಣೆಯಲ್ಲಿ ಕೂರಿಸಿ "ಗುಂಪು ಕೌನ್ಸೆಲಿಂಗ್" ಮಾಡುವುದು ನಮ್ಮಲ್ಲಿ ರೂಢಿ. ಈಗತಾನೇ ಒಂದೆರಡು ಸಲ ಸೇದಿದವನಿಗೆ ಹಳಬರ ಪರಿಚಯ ಮಾಡಿಕೊಟ್ಟಂತೆ ಆಗುತ್ತದೆ. ಕೌನ್ಸೆಲಿಂಗ್ ಒಬ್ಬೊಬ್ಬರಿಗೆ, ಇಲ್ಲವೇ ಮನೆಯವರೊಂದಿಗೆ. ಗುಂಪು ಬೇಕೇ ಬೇಕೆಂದರೆ ಏನೂ ತೊಂದರೆಯಿಲ್ಲದ ಮಕ್ಕಳೇ ಹೆಚ್ಚಿರುವ ವಾಲಿಬಾಲ್ ತಂಡಕ್ಕೋ ಎನ್‌ಎಸ್‌ಎಸ್‌ಗೋ ಸೇರಿಸಿ. ಒಂದು ತಂಡಕ್ಕೆ ಒಬ್ಬ, ಹೆಚ್ಚೆಂದರೆ ಇಬ್ಬರು.

ವಕೀಲ_ತುಮಕೂರು:

ಕಾನೂನಿನ ಭಾಗ. ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015, ಜಾರಿ 15 ಜನವರಿ 2016ರಿಂದ.

ಲೆಕ್ಕಕ್ಕೆ ಬರುವುದು ತಪ್ಪು ನಡೆದ ದಿನದ ವಯಸ್ಸು, ಹಿಡಿದ ದಿನದ್ದಲ್ಲ (ಸೆಕ್ಷನ್ 6). ಪಿಯು ಹುಡುಗರಲ್ಲಿ ಇದೇ ಎಲ್ಲವನ್ನೂ ನಿರ್ಧರಿಸುತ್ತದೆ. ಆದ್ದರಿಂದ ಮೊದಲ ಗಂಟೆಯಲ್ಲಿ ಹಿಡಿದುಕೊಂಡು ಓಡಬೇಕಾದ ಕಾಗದ ಜನ್ಮದಿನಾಂಕದ್ದು. ಸೆಕ್ಷನ್ 94ರ ಕ್ರಮ ಹೀಗಿದೆ: ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲಿಲ್ಲ. ಮನೆಯವರು ಆಧಾರ್ ಒಂದನ್ನೇ ಹಿಡಿದು ಹೋಗಿ, ಠಾಣೆಯಲ್ಲಿ ಹುಡುಗನಿಗೆ "19 ವರ್ಷ" ಎಂದು ಬರೆದುಕೊಂಡು, ಅವನು ದೊಡ್ಡವರ ಜೊತೆ ಜೈಲು ಸೇರಿದರೆ ಅದನ್ನು ಸರಿಪಡಿಸುವಷ್ಟರಲ್ಲಿ ವಾರಗಳು ಹೋಗುತ್ತವೆ. ಮೇಷ್ಟ್ರೇ, ರಾತ್ರಿಯಾಗಿದ್ದರೂ ದಾಖಲಾತಿ ಪುಸ್ತಕದ ಉದ್ಧೃತವನ್ನು ಸೀಲು ಹಾಕಿ ಕೊಡುವ ವ್ಯವಸ್ಥೆ ನಿಮ್ಮ ಕಚೇರಿಯಲ್ಲಿರಲಿ. ಭಾಷಣಕ್ಕಿಂತ ದೊಡ್ಡ ಉಪಕಾರ ಅದು.

ಲಾಕಪ್ಪಿನಲ್ಲಿ ಇಡುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು (ಸೆಕ್ಷನ್ 10). ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಾಮಾಜಿಕ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಎಂದು ಕೇಳಿ, ಅವರೊಂದಿಗೇ ಮಾತಾಡಿ. 2016ರ ಮಾದರಿ ನಿಯಮ 8ರ ಪ್ರಕಾರ ಘೋರ ಅಪರಾಧ (ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವಂಥದ್ದು) ಅಥವಾ ವಯಸ್ಕರ ಜೊತೆ ಸೇರಿ ಮಾಡಿದ ಅಪರಾಧ ಬಿಟ್ಟರೆ ಮಗುವಿನ ಮೇಲೆ ಎಫ್‌ಐಆರ್ ಇಲ್ಲ, ಠಾಣಾ ದಿನಚರಿಯಲ್ಲಿ ನಮೂದು ಮತ್ತು ಸಾಮಾಜಿಕ ಹಿನ್ನೆಲೆ ವರದಿ ಮಾತ್ರ. ಗಾಂಜಾ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಜೊತೆಗೊಬ್ಬ ದೊಡ್ಡವನು ಇದ್ದೇ ಇರುವುದರಿಂದ ಎಫ್‌ಐಆರ್ ಆಗಿಬಿಡುತ್ತದೆ.

ಗಾಂಜಾದ ತೂಕ: 1 ಕೆಜಿವರೆಗೆ ಸಣ್ಣ ಪ್ರಮಾಣ, ಶಿಕ್ಷೆ ಗರಿಷ್ಠ ಒಂದು ವರ್ಷ. 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ, ಕನಿಷ್ಠವೇ ಹತ್ತು ವರ್ಷ. ಎರಡನೆಯದು ಬಾಲ ನ್ಯಾಯ ಕಾಯ್ದೆಯಲ್ಲಿ "ಘೋರ" ವರ್ಗಕ್ಕೆ ಬೀಳುತ್ತದೆ. 16 ತುಂಬಿದ ಹುಡುಗನಾದರೆ ಸೆಕ್ಷನ್ 15ರ ಪ್ರಾಥಮಿಕ ಮೌಲ್ಯಮಾಪನ ನಡೆದು, ವಯಸ್ಕನಂತೆ ವಿಚಾರಣೆಗೆ ಹೋಗುವ ಸಾಧ್ಯತೆಯಿದೆ. "ನಿಂಗಿನ್ನೂ 18 ಆಗಿಲ್ಲ, ಏನೂ ಆಗಲ್ಲ, ಈ ಬ್ಯಾಗು ಇಟ್ಕೋ" ಎನ್ನುವವನ ಮಾತು ಹಸಿ ಸುಳ್ಳು ಎಂದು ಪಿಯು ಹುಡುಗರಿಗೆ ಇದೇ ಅಂಕಿ ಇಟ್ಟು ಹೇಳಿ.

ಜಾಮೀನು ಸೆಕ್ಷನ್ 12. ಕೊಡುವುದೇ ನಿಯಮ. ಬಿಟ್ಟರೆ ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ, ನ್ಯಾಯದ ಉದ್ದೇಶಕ್ಕೆ ಧಕ್ಕೆ, ಈ ಮೂರು ಕಾರಣಕ್ಕೆ ಮಾತ್ರ ನಿರಾಕರಿಸಬಹುದು. ಚಟವಿರುವ ಹುಡುಗನ ವಿರುದ್ಧ ಮೊದಲೆರಡನ್ನೂ ಎತ್ತುತ್ತಾರೆ. ಅದಕ್ಕೆ ಉತ್ತರ ಕಣ್ಣೀರಲ್ಲ, ಯೋಜನೆ: ಮನೋವೈದ್ಯರ ಮುಂದಿನ ಭೇಟಿಯ ದಿನಾಂಕವಿರುವ ಚೀಟಿ, ಆ ಗುಂಪಿಲ್ಲದ ಊರಿನ ವಿಳಾಸ (ಸೋದರಮಾವನ ಮನೆಯೋ ಅಜ್ಜಿ ಮನೆಯೋ), ಅಲ್ಲಿ ಹೊಣೆ ಹೊರುವವರ ಸಹಿ, ಶಾಲೆ ವಾಪಸು ಸೇರಿಸಿಕೊಳ್ಳುತ್ತದೆ ಎಂಬ ನಿಮ್ಮ ಪತ್ರ. ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅವರು ಶಾಲೆಗೆ ಬಂದಾಗ "ಒಳ್ಳೆಯ ಹುಡುಗ" ಎಂದು ಎರಡೇ ಪದ ಬರೆಯಬೇಡಿ. ಹಾಜರಾತಿ ಯಾವ ತಿಂಗಳಿಂದ ಇಳಿಯಿತು, ಯಾವ ವಿಷಯದಲ್ಲಿ ಹಿಂದೆ, ಕ್ರೀಡೆಯಲ್ಲಿ ಏನಿದ್ದ ಎಂದು ಬರೆದುಕೊಡಿ. ಅಂತಿಮ ಆದೇಶದ ಜೊತೆಗೆ ಮಂಡಳಿ ಸೆಕ್ಷನ್ 18(2)ರಡಿ ಶಾಲೆಗೆ ಹೋಗು, ಇಂಥ ಜಾಗಕ್ಕೆ ಹೋಗಬೇಡ, ವ್ಯಸನಮುಕ್ತಿ ಕಾರ್ಯಕ್ರಮಕ್ಕೆ ಹಾಜರಾಗು ಎಂದೂ ಹೇಳಬಹುದು. ಆ ವರದಿ ಗಟ್ಟಿಯಿದ್ದರೆ ಆದೇಶವೂ ಹುಡುಗನಿಗೆ ಹೊಂದುವಂಥದ್ದು ಬರುತ್ತದೆ.

ಮಗುವಿಗೆ ಮದ್ಯ, ಮಾದಕ, ತಂಬಾಕು ಕೊಟ್ಟವನಿಗೆ ಸೆಕ್ಷನ್ 77, ಮಗುವನ್ನು ಸಾಗಾಟಕ್ಕೆ ಬಳಸಿದವನಿಗೆ ಸೆಕ್ಷನ್ 78: ಏಳು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷದವರೆಗೆ ದಂಡ. ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ವಯಸ್ಕರಿಗೆ 83(2), ಐದು ಲಕ್ಷ ದಂಡ. ಕೇಳಲು ಚೆನ್ನಾಗಿದೆ. ತೊಡಕು ಎಲ್ಲಿದೆಯೆಂದರೆ, 2021ರ ತಿದ್ದುಪಡಿಯಿಂದ ಮೂರರಿಂದ ಏಳು ವರ್ಷ ಶಿಕ್ಷೆಯ ಈ ಅಪರಾಧಗಳು ಅಸಂಜ್ಞೇಯವಾದವು. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಶುರುಮಾಡುವಂತಿಲ್ಲ. ಗೂಡಂಗಡಿಯವನ ಮೇಲೆ ದೂರು ಕೊಟ್ಟಾಗ "ಎನ್‌ಸಿ ಆಗುತ್ತೆ ಸಾರ್" ಎಂಬ ಉತ್ತರ ಬರುವುದು ಇದರಿಂದಲೇ. ಲಿಖಿತ ದೂರಿನಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ತನಿಖೆ ಮಾಡಿ ಎಂದೇ ಕೋರಿ, ಮಾಲು ಗಾಂಜಾ ಆಗಿದ್ದರೆ ಎನ್‌ಡಿಪಿಎಸ್ (ಮಾದಕವಸ್ತು ಕಾಯ್ದೆ) ಸೆಕ್ಷನ್ನನ್ನೂ ಸೇರಿಸಿ, ಅದು ಸಂಜ್ಞೇಯ.

ಬಾಕಿಯ ಬಗ್ಗೆ: ಬಾಜಿಯ ಕರಾರು ಒಪ್ಪಂದ ಕಾಯ್ದೆಯ ಸೆಕ್ಷನ್ 30ರಂತೆ ಅನೂರ್ಜಿತ, ಅಪ್ರಾಪ್ತನ ಕರಾರಂತೂ ಮೊದಲೇ ಕರಾರಲ್ಲ. ವಸೂಲಿಗೆ ಮನೆ ಹತ್ತಿರ ಬಂದರೆ ಅದು ಬೆದರಿಕೆ ಪ್ರಕರಣ. ಮೀಟರ್ ಬಡ್ಡಿಯಾದರೆ ಅತಿಯಾದ ಬಡ್ಡಿ ನಿಷೇಧಕ್ಕೆ ಕರ್ನಾಟಕದ 2004ರ ಕಾಯ್ದೆಯೇ ಇದೆ.

ಮಲೆನಾಡ_ನರ್ಸ್:

ಸಲ್ಯೂಷನ್, ಥಿನ್ನರ್, ವೈಟ್ನರ್ ಬಗ್ಗೆ ಯಾರೂ ಹೇಳಿಲ್ಲ. ದೇಶದಲ್ಲಿ ದೊಡ್ಡವರಿಗಿಂತ ಮಕ್ಕಳೇ ಹೆಚ್ಚಿನ ಪ್ರಮಾಣದಲ್ಲಿ ಬಳಸುವ ನಶೆ ಇದೊಂದೇ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ 10ರಿಂದ 17 ವಯಸ್ಸಿನವರಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58.

ಅಗ್ಗ, ಸೈಕಲ್ ಶಾಪಿನಲ್ಲೇ ಸಿಗುತ್ತದೆ. ಹಾಗಾಗಿ ದೊಡ್ಡ ಕಳವು ಇದರ ಹಿಂದೆ ಇರುವುದು ಕಮ್ಮಿ, ಗುಜರಿ ಅಂಗಡಿಗೆ ಹಾಕುವ ಕಬ್ಬಿಣ, ನಲ್ಲಿ, ಚರಂಡಿ ಮುಚ್ಚಳದಂಥದ್ದೇ ಹೆಚ್ಚು. ಗುರುತು: ಮೂಗು, ಬಾಯಿಯ ಸುತ್ತ ಕೆಂಪಗೆ ಒಡೆದ ಚರ್ಮ, ಶರ್ಟಿನ ತೋಳಿನಲ್ಲೋ ಕರ್ಚೀಫಿನಲ್ಲೋ ಪೇಂಟಿನ ವಾಸನೆ, ಬ್ಯಾಗಿನಲ್ಲಿ ಒಣಗಿ ಗಟ್ಟಿಯಾದ ಬಟ್ಟೆ ತುಂಡು, ಮಧ್ಯಾಹ್ನ ತಲೆನೋವು, ಊಟ ಬೇಡ. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. "ಟೆಸ್ಟ್ ನೆಗೆಟಿವ್ ಬಂತು" ಎಂದು ಸುಮ್ಮನಾಗಬೇಡಿ. ಬಹಳ ಕಾಲ ಎಳೆದವರಲ್ಲಿ ಪೊಟ್ಯಾಸಿಯಂ ಇಳಿದು ಕಾಲು ಬಲಹೀನವಾಗುತ್ತದೆ. ನಡೆಯುವಾಗ ತೂರಾಡುವುದು, ನೆನಪು ಕುಗ್ಗುವುದು ಮೆದುಳಿನ ಬಿಳಿ ಭಾಗಕ್ಕೆ ಪೆಟ್ಟು ಬಿದ್ದ ಲಕ್ಷಣ.

ಮುಖ್ಯವಾದ ಮಾತು: ಎಳೆಯುತ್ತಿರುವ ಹುಡುಗನನ್ನು ಕೂಗಿ ಬೆದರಿಸಬೇಡಿ, ಅಟ್ಟಿಸಿಕೊಂಡು ಓಡಬೇಡಿ. ದ್ರಾವಕದ ಆವಿ ಹೃದಯವನ್ನು ಅಡ್ರಿನಲಿನ್‌ಗೆ ಅತಿ ಸೂಕ್ಷ್ಮವಾಗಿಸಿರುತ್ತದೆ. ಆ ಕ್ಷಣದ ಗಾಬರಿ, ಓಟದಿಂದ ಬಡಿತ ದಾರಿತಪ್ಪಿ ನಿಂತಲ್ಲೇ ಸಾಯಬಹುದು. ಮೊದಲ ಸಲ ಎಳೆದವನಿಗೂ ಆಗಬಹುದು. ಮೆಲ್ಲಗೆ ಮಾತಾಡಿಸಿ, ಬಟ್ಟೆ ಪಕ್ಕಕ್ಕಿಡಿಸಿ, ಗಾಳಿಯಿರುವಲ್ಲಿ ಕೂರಿಸಿ. ಎಚ್ಚರ ತಪ್ಪಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ, ಉಸಿರಾಟವೇ ಇಲ್ಲದಿದ್ದರೆ ಅಂಗಾತ ಮಲಗಿಸಿ ಎದೆ ಒತ್ತಲು ಶುರುಮಾಡಿ. ಹಾಸ್ಟೆಲ್ ವಾರ್ಡನ್, ಪಿಟಿ ಮೇಷ್ಟ್ರು, ಬೀಟ್ ಪೊಲೀಸ್ ಮೂವರಿಗೂ ಇದು ಗೊತ್ತಿರಬೇಕು.

ಲೆಕ್ಕಪತ್ರ:

ಬೆಟ್ಟಿಂಗ್ ಕಡೆಯಿಂದ. ಇಲ್ಲಿ ವಾಸನೆ ಇಲ್ಲ, ಕೆಂಪು ಕಣ್ಣಿಲ್ಲ, ಹಾಗಾಗಿ ತಡವಾಗಿ ಗೊತ್ತಾಗುತ್ತದೆ. ಮೊದಲು ಓಸಿ, ಇಸ್ಪೀಟು ಬೀದಿಯಲ್ಲಿತ್ತು, ಈಗ "ಐಡಿ" (ಬೆಟ್ಟಿಂಗ್ ಖಾತೆ) ಫೋನಿನಲ್ಲಿದೆ. ಟೆಲಿಗ್ರಾಂನಲ್ಲೋ ವಾಟ್ಸಾಪಿನಲ್ಲೋ ಒಬ್ಬ ಐಡಿ ಕೊಡುತ್ತಾನೆ, ಶುರುವಿಗೆ ಒಂದಿಷ್ಟು ಪಾಯಿಂಟ್ ಬಾಕಿಯಲ್ಲಿ.

ದುಡ್ಡು ಹೋಗುವ ಕ್ರಮ ಹೆಚ್ಚುಕಡಿಮೆ ಒಂದೇ: ಪಾಕೆಟ್ ಮನಿ, ಹಾಸ್ಟೆಲ್ ಮೆಸ್ ಬಿಲ್ಲು, ಪರೀಕ್ಷಾ ಶುಲ್ಕ, ಗೆಳೆಯರ ಕೈಸಾಲ, ತನ್ನ ಫೋನು ಗಿರವಿ, ಅಮ್ಮನ ಒಡವೆ. ಶುಲ್ಕ ಕಟ್ಟಿದ ರಸೀದಿ ತೋರಿಸದೆ "ಕಟ್ಟಿದೆ" ಎಂದರೆ ಅಲ್ಲಿಗೇ ನಿಲ್ಲಿ. ಮೇಷ್ಟ್ರೇ, ಶುಲ್ಕವನ್ನು ಪೋಷಕರೇ ನೇರ ಕಟ್ಟುವಂತೆ, ಕಟ್ಟಿದ್ದಕ್ಕೆ ಅವರ ಫೋನಿಗೇ ಸಂದೇಶ ಹೋಗುವಂತೆ ಮಾಡಿದರೆ ಮಧ್ಯದ ಎರಡು ಮೆಟ್ಟಿಲು ಕಡಿದಂತೆ. ಸಣ್ಣ ಬದಲಾವಣೆ, ಖರ್ಚಿಲ್ಲ. ಮನೆಯಲ್ಲಿ ಯುಪಿಐ ಚರಿತ್ರೆಯನ್ನು ವಾರಕ್ಕೊಮ್ಮೆ ಹುಡುಗನ ಜೊತೆಗೇ ಕೂತು ನೋಡಿ. ಮಧ್ಯರಾತ್ರಿ ಹೊತ್ತಿನ 200, 500, 1000ದ ಉರುಟು ಮೊತ್ತಗಳು, ಪ್ರತಿ ಸಲ ಬೇರೆ ಬೇರೆ ಅಪರಿಚಿತ ಹೆಸರಿಗೆ ಹೋಗಿದ್ದರೆ ಅದು ಆಟದ್ದು.

ಎಲ್ಲ ಬರಿದಾದ ಮೇಲೆ ಬರುವುದೇ ಕಾಲೇಜು ಹುಡುಗರನ್ನು ನೇರ ಕ್ರಿಮಿನಲ್ ಕೇಸಿಗೆ ತಂದಿಡುವ ಹೆಜ್ಜೆ, ಖಾತೆ ಬಾಡಿಗೆ. "ನಿನ್ನ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಕೊಡು, ಬಾಕಿ ಮಾಫಿ, ಮೇಲೆ ಕಮಿಷನ್." ಆ ಖಾತೆಗೆ ಬೀಳುವುದು ಇನ್ಯಾವುದೋ ರಾಜ್ಯದಲ್ಲಿ ಮೋಸಹೋದವರ ದುಡ್ಡು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟ ಕೂಡಲೇ ದುಡ್ಡಿನ ಜಾಡು ಹಿಡಿದು ಮೊದಲು ಸಿಗುವ ಹೆಸರು ಈ ಹುಡುಗನದು. ಜಾಲ ನಡೆಸಿದವನ ಹೆಸರು ಎಲ್ಲೂ ಇರುವುದಿಲ್ಲ.

ಈಗಾಗಲೇ ಕೊಟ್ಟಿದ್ದರೆ: ಅವತ್ತೇ ಬ್ಯಾಂಕಿಗೆ ಬರಹದಲ್ಲಿ ಕೊಟ್ಟು ಖಾತೆ, ಕಾರ್ಡು ತಡೆಹಿಡಿಸಿ, ಸ್ವೀಕೃತಿ ಸೀಲು ಪಡೆಯಿರಿ. ಸಿಮ್ ಬ್ಲಾಕ್ ಮಾಡಿಸಿ. ಚಾಟು ಅಳಿಸಬೇಡಿ, ಹುಡುಗನ ಪಾಲಿಗೆ ಉಳಿದ ಸಾಕ್ಷಿ ಅದೊಂದೇ. ಖಾತೆಯಲ್ಲಿ ಬಿದ್ದಿರುವ ದುಡ್ಡು ಮುಟ್ಟಬೇಡಿ. ವಕೀಲರೊಂದಿಗೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ಅಪರಾಧಗಳ) ಠಾಣೆಗೆ ಹೋಗಿ ತಾವಾಗಿಯೇ ತಿಳಿಸಿ. ಹೊರರಾಜ್ಯದ ಪೊಲೀಸರಿಂದ ಬಿಎನ್‌ಎಸ್‌ಎಸ್ (ಅಪರಾಧ ವಿಚಾರಣೆಯ ಹೊಸ ಕಾಯ್ದೆ) 35(3)ರ ನೋಟಿಸು ಬಂದರೆ ಹರಿದೆಸೆಯಬೇಡಿ, ಹಾಜರಾಗದಿದ್ದರೆ ಬಂಧನಕ್ಕೆ ಅದೇ ಕಾರಣವಾಗುತ್ತದೆ.

ಕಾನೂನು: ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆಗೆ 22 ಆಗಸ್ಟ್ 2025ರಂದು ರಾಷ್ಟ್ರಪತಿ ಅಂಕಿತ ಬಿದ್ದಿದೆ. ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವನಿಗೆ ಅದರಲ್ಲಿ ಶಿಕ್ಷೆಯಿಲ್ಲ. "ಹೇಳಿದರೆ ಮಗನೇ ಒಳಗೆ ಹೋಗ್ತಾನೆ" ಎಂದು ಮುಚ್ಚಿಡುವ ಅಪ್ಪಂದಿರಿಗೆ ಇದನ್ನು ಹೇಳಿ. ಖಾತೆ ಕೊಟ್ಟದ್ದು ಬೇರೆ ವಿಷಯ, ಅದಕ್ಕೆ ವಂಚನೆಯ ಸೆಕ್ಷನ್ ಬೀಳುತ್ತದೆ.

ಹೈಸ್ಕೂಲ್_ಮೇಷ್ಟ್ರು:

ಇದಕ್ಕೇ ಕೇಳಿದ್ದು. ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದಿವೆ. ಖಾಸಗಿ ವ್ಯಸನಮುಕ್ತಿ ಕೇಂದ್ರಗಳ ಏಜೆಂಟರು ಪೋಷಕರ ನಂಬರು ಹುಡುಕಿ "ಮೂರು ತಿಂಗಳು ಬಿಟ್ಟುಬಿಡಿ, ಗಾಡಿ ತಂದು ಎತ್ತಿಕೊಂಡು ಹೋಗ್ತೀವಿ" ಎನ್ನುತ್ತಾರೆ. ಮತ್ತೆ ಟಿಸಿ ವಿಷಯ.

ಸಮಾಜಕಾರ್ಯ_ಧಾರವಾಡ:

ಗಾಡಿ ತಂದು ಎತ್ತಿಕೊಂಡು ಹೋಗುವವರ ಫೋನು ಅಲ್ಲೇ ಇಟ್ಟುಬಿಡಿ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರಲ್ಲಿ ಮದ್ಯ, ಮಾದಕಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಬರುತ್ತವೆ, ಆದ್ದರಿಂದ ಅವಕ್ಕೆ ಒಳರೋಗಿ ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿಯಾಗಿರಲೇಬೇಕು. ನೋಂದಣಿ ಪತ್ರ ತೋರಿಸಿ ಎನ್ನಿ. 18ರೊಳಗಿನವರ ಸೇರ್ಪಡೆಗೆ ಸೆಕ್ಷನ್ 87: ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯರ ಜೊತೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರೋ ವೈದ್ಯರೋ ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ದೊಡ್ಡವರ ವಾರ್ಡಿನಿಂದ ಬೇರೆ ಇಡಬೇಕು, ಅಪ್ಪ ಅಮ್ಮ ಅಥವಾ ಅವರು ನೇಮಿಸಿದವರು ಜೊತೆಗಿರಬೇಕು, 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಸರಪಳಿ ಹಾಕುವುದನ್ನು ಸೆಕ್ಷನ್ 95 ನಿಷೇಧಿಸಿದೆ. "ಮೊದಲ ತಿಂಗಳು ಮನೆಯವರು ನೋಡುವಂತಿಲ್ಲ" ಎಂದರೆ ಹಿಂದಿರುಗಿ ಬನ್ನಿ.

ನಿಜ ಹೇಳಬೇಕೆಂದರೆ ಹೆಚ್ಚಿನ ಹುಡುಗರಿಗೆ ಸೇರ್ಪಡೆಯೇ ಬೇಕಿಲ್ಲ. ದಿನಾ ಕುಡಿಯುವವನು ಏಕಾಏಕಿ ಬಿಟ್ಟರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ನಿದ್ದೆ ಮಾತ್ರೆ, ಟ್ಯಾಪೆಂಟಡಾಲ್‌ನಂಥ ನೋವಿನ ಮಾತ್ರೆ ರೂಢಿಯಾದವನನ್ನೂ ವೈದ್ಯರಿಲ್ಲದೆ ನಿಲ್ಲಿಸಬಾರದು. ಗಾಂಜಾ ಮನೆಯಲ್ಲೇ ಬಿಡಿಸಬಹುದು. ಒಂದರಿಂದ ಮೂರು ದಿನದಲ್ಲಿ ಸಿಡುಕು, ನಿದ್ದೆಗೇಡು, ಬೆವರು, ಹಸಿವಿಲ್ಲದಿರುವುದು ಶುರು, ಮೊದಲ ವಾರದಲ್ಲಿ ಜೋರು, ಎರಡು ವಾರದಲ್ಲಿ ಬಹುತೇಕ ಇಳಿಯುತ್ತದೆ. ಆ ಮೊದಲ ವಾರದ ಸಿಡುಕನ್ನು "ಇನ್ನೂ ಕೊಬ್ಬಿದ್ದಾನೆ" ಎಂದುಕೊಂಡು ಅಪ್ಪ ಕೈಯೆತ್ತುತ್ತಾನೆ, ಹುಡುಗ ಮನೆಬಿಟ್ಟು ಅದೇ ಗುಂಪಿನ ರೂಮಿಗೆ ಹೋಗುತ್ತಾನೆ. ಕ್ಯಾಲೆಂಡರಿನಲ್ಲಿ ಹದಿನಾಲ್ಕು ದಿನ ಗುರುತು ಹಾಕಿಕೊಂಡು, ಆ ಅವಧಿಯಲ್ಲಿ ಪರೀಕ್ಷೆ, ಜಾತ್ರೆ, ಮದುವೆ ಇಲ್ಲದಂತೆ ನೋಡಿ ಶುರುಮಾಡಿಸಿ. ಮೂತ್ರ ಪರೀಕ್ಷೆ ಮಾಡಿಸುವುದಾದರೆ ಅವನಿಗೆ ಹೇಳಿಯೇ ಮಾಡಿಸಿ. ದಿನವೂ ಸೇದಿದವನಲ್ಲಿ ಬಿಟ್ಟು ಒಂದು ತಿಂಗಳಾದರೂ ಪಾಸಿಟಿವ್ ಬರಬಹುದು, "ಮತ್ತೆ ಶುರುಮಾಡಿದ್ದೀಯ" ಎಂದು ಹಾರಾಡಿ ಎಲ್ಲ ಕೆಡಿಸಬೇಡಿ.

ಎಲ್ಲಿಗೆ: ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇದೆಯೇ ಎಂದು ಕೇಳಿ. ಫೋನಿನಲ್ಲಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೆಂದೇ ರಾಷ್ಟ್ರೀಯ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವೂ, ಮೊಬೈಲ್ ಗೇಮಿಂಗ್ ತೊಂದರೆಗೆ 2014ರಿಂದ ಷಟ್ ಕ್ಲಿನಿಕ್ಕೂ ಇದೆ. ನಮ್ಮ ಈ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್.

ವಕೀಲ_ತುಮಕೂರು:

ಟಿಸಿ. ಎಂಟನೇ ತರಗತಿವರೆಗೆ ಹೊರಹಾಕುವಂತೆಯೇ ಇಲ್ಲ, ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 16. ಮೇಲಿನ ತರಗತಿಗಳಿಗೆ ಆ ಸೆಕ್ಷನ್ ಅನ್ವಯಿಸುವುದಿಲ್ಲ, ಆದರೆ ಪೋಷಕರಿಂದ "ಸ್ವಇಚ್ಛೆಯ" ಅರ್ಜಿ ಬರೆಸಿಕೊಂಡು ಕಳಿಸುವ ಕೆಲಸಕ್ಕೆ ಕೈಹಾಕುವ ಮೊದಲು ಆಡಳಿತ ಮಂಡಳಿಗೆ ಎರಡು ವಿಷಯ ಓದಿಹೇಳಿ. ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 74: ಪ್ರಕರಣಕ್ಕೆ ಸಿಕ್ಕ ಮಗುವಿನ ಹೆಸರು, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಮಾಧ್ಯಮದಲ್ಲಾಗಲಿ ಬೇರೆ ರೀತಿಯಲ್ಲಾಗಲಿ ಬಹಿರಂಗಪಡಿಸುವಂತಿಲ್ಲ, ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿ "ಇಂಥವರಿಂದ ಎಚ್ಚರ" ಎಂದವರೂ ಇದಕ್ಕೆ ಸಿಕ್ಕಿಬೀಳುತ್ತಾರೆ. ಅದೇ ಕಾಯ್ದೆಯ ಸೆಕ್ಷನ್ 24: ಬಾಲ ನ್ಯಾಯ ಮಂಡಳಿ ತಪ್ಪಿತಸ್ಥ ಎಂದರೂ ಅದರಿಂದ ಮುಂದೆ ಅನರ್ಹತೆ ಅಂಟುವುದಿಲ್ಲ, ವಯಸ್ಕನಂತೆ ವಿಚಾರಣೆಗೊಳಗಾದವನನ್ನು ಬಿಟ್ಟು.

ಆದ್ದರಿಂದ ಟಿಸಿಯ ನಡತೆ ಕಾಲಂನಲ್ಲಿ "ಪೊಲೀಸ್ ಪ್ರಕರಣದಲ್ಲಿ ಭಾಗಿ" ಎಂದು ಯಾರೂ ಬರೆಯದಂತೆ ಗುಮಾಸ್ತರಿಗೆ ಈಗಲೇ ಹೇಳಿಡಿ. ಹುಡುಗ ಬೇರೆ ಶಾಲೆಗೆ ಹೋಗುವುದೇ ಒಳ್ಳೆಯದು ಎಂದು ಮನೆಯವರಿಗೂ ಪರಿವೀಕ್ಷಣಾಧಿಕಾರಿಗೂ ಅನ್ನಿಸಿದರೆ, ಅಲ್ಲಿ ಸೀಟು ಖಚಿತವಾದ ಪತ್ರ ಕೈಗೆ ಬಂದ ಮೇಲೆಯೇ ಟಿಸಿ ಕೊಡಿ. ನಡುವೆ ಒಂದು ತಿಂಗಳು ಎಲ್ಲೂ ದಾಖಲಾಗದೆ ಉಳಿದರೆ ಜಾಮೀನಿನ ಷರತ್ತೂ ಮುರಿಯುತ್ತದೆ, ಹುಡುಗನೂ ಬಸ್‌ಸ್ಟ್ಯಾಂಡಿನಲ್ಲಿರುತ್ತಾನೆ.